ಹದ್ದುಗಳ ಲೆಕ್ಕ ಇಟ್ಟವರು

ದೀಪಾವಳಿ ಕಳೆದು ಹಿಂಗಾರಿನ ಮೋಡ ಚೆದುರಿದ ಮೇಲೆ ತುಮಕೂರಿನ ಆಕಾಶ ತೊಳೆದಿಟ್ಟಂತಿರುತ್ತದೆ. ಅಂಥ ಒಂದು ಸಂಜೆ ನೀವು ಮರಳೂರು ಕೆರೆಯ ಏರಿಯ ಮೇಲೆ ನಿಂತಿದ್ದೀರಿ ಎನ್ನಿ. ವರ್ಷವೆಲ್ಲ ಊರ ಮೇಲೆ ಸುತ್ತುವ ಹದ್ದನ್ನೂ ಗರುಡನನ್ನೂ ನೀವು ಬಲ್ಲಿರಿ. ಚಳಿಗಾಲದಲ್ಲಿ ಕೆರೆಯ ಜೊಂಡಿನ ಮೇಲೆ, ಹೊಲಬಯಲುಗಳ ಮೇಲೆ, ಆಳೆತ್ತರದಲ್ಲಿ ರೆಕ್ಕೆಗಳನ್ನು ತುಸು ಮೇಲಕ್ಕೆ ಹಿಡಿದು ತೇಲುವ ನೀಳದೇಹದ ಬೇಟೆಹಕ್ಕಿ ಬೇರೆಯದು. ಅದಕ್ಕೆ ಸೆಳೆವ ಎಂದು ಹೆಸರು. ಮಧ್ಯ ಏಷ್ಯದ ಕಡೆಯ ಹುಲ್ಲುಗಾವಲುಗಳಲ್ಲಿ ಮರಿಮಾಡಿ, ಅಲ್ಲಿ ಹಿಮ ಬೀಳುವ ಮೊದಲೇ ಹೊರಟು ಬಂದ ಅತಿಥಿ ಅದು.

ಈ ಸಲ ಎಷ್ಟು ಬಂದಿವೆ, ಹೋದ ಸಲಕ್ಕಿಂತ ಹೆಚ್ಚೋ ಕಡಮೆಯೋ ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಡಾ. ಸಲೀಂ ಅಲಿಯವರು 1939-40ರಲ್ಲಿ ಊರೂರು ತಿರುಗಿ ಸಮೀಕ್ಷೆ ಮಾಡಿದರು. ಯಾವ ಹಕ್ಕಿ ಎಲ್ಲಿ ಉಂಟು ಎಂಬುದಕ್ಕೆ ಆ ಬರಹ ಇಂದಿಗೂ ಆಧಾರ. ಆದರೆ ಯಾವುದು ಉಂಟು ಎಂಬುದು ಒಂದು ಪ್ರಶ್ನೆ, ಎಷ್ಟು ಉಂಟು ಎಂಬುದು ಇನ್ನೊಂದು. ಎರಡನೆಯದಕ್ಕೆ ಒಂದೇ ಜಾಗದಲ್ಲಿ ವರ್ಷ ವರ್ಷವೂ ಕೂತು ಎಣಿಸುವವರು ಬೇಕು.

ಹಾಗೆ ಕೂತವರ ಕತೆ ಅಮೆರಿಕದ ಪೆನ್ಸಿಲ್ವೇನಿಯದ್ದು. ಅಲ್ಲೊಂದು ಉದ್ದನೆಯ ಬೆಟ್ಟಸಾಲು. ಗಾಳಿ ಅದರ ಪಕ್ಕೆಗೆ ಬಡಿದು ಮೇಲೇಳುತ್ತದೆ. ದಕ್ಷಿಣಕ್ಕೆ ಹೊರಟ ಡೇಗೆ, ಹದ್ದು, ಚಾಣಗಳು ರೆಕ್ಕೆ ಬಡಿಯುವ ಶ್ರಮವಿಲ್ಲದೆ ಆ ಗಾಳಿಯ ಮೇಲೆ ಸಾಲುಗಟ್ಟಿ ಸಾಗುತ್ತವೆ. ಇದನ್ನು ಬಲ್ಲ ಬಂದೂಕಿನವರು ರಜೆಯ ದಿನ ಬಂಡೆಯ ಮೇಲೆ ಕುಳಿತು ಹೊಡೆದುರುಳಿಸುತ್ತಿದ್ದರು. ಒಂದು ಜಾತಿಯ ಡೇಗೆಯನ್ನು ಕೊಂದು ತಂದವರಿಗೆ ಸರ್ಕಾರವೇ 5 ಡಾಲರ್ ಇನಾಮು ಕೊಡುತ್ತಿದ್ದ ಕಾಲ! 1934ರಲ್ಲಿ ರೋಸಲಿ ಎಡ್ಜ್ ಎಂಬ ಮಹಿಳೆ ಆ ಬೆಟ್ಟದ 1,400 ಎಕರೆಯನ್ನು ಗುತ್ತಿಗೆಗೆ ಹಿಡಿದು, ಮಾರಿಸ್ ಬ್ರೌನ್ ಎಂಬಾತನನ್ನು ಕಾವಲಿಗಿಟ್ಟರು. ಬ್ರೌನ್ ಬೇಟೆಗಾರರನ್ನು ತಡೆದದ್ದಲ್ಲದೆ, ಹಾದುಹೋದ ಹಕ್ಕಿಗಳನ್ನು ಎಣಿಸಿ ಬರೆದಿಡತೊಡಗಿದರು. ಮಹಾಯುದ್ಧಕ್ಕೆ ಅವರು ನೌಕಾಪಡೆ ಸೇರಿದ ಮೂರು ವರ್ಷ ಲೆಕ್ಕ ನಿಂತದ್ದು ಬಿಟ್ಟರೆ ಅದು ಮುಂದುವರಿಯಿತು.

ಆ ಪುಸ್ತಕದ ಬೆಲೆ ತಿಳಿದದ್ದು ಬಹಳ ತಡವಾಗಿ. ಅಮೆರಿಕದ ಲಾಂಛನವಾದ ಬಿಳಿತಲೆಯ ದೊಡ್ಡ ಹದ್ದಿನ ಮರಿಗಳಿಗೆ ತಲೆ ಕಂದು. ದೂರದಿಂದಲೇ ಎಳೆಯದು ಬಲಿತದ್ದು ಬೇರೆ ಮಾಡಬಹುದು. 1935ರಿಂದ 1939ರವರೆಗೆ ಎಣಿಸಿದ ಈ ಹದ್ದುಗಳಲ್ಲಿ ನೂರಕ್ಕೆ 40 ಎಳೆಯವು. 1955ರಿಂದ 1959ರ ನಡುವೆ ನೂರಕ್ಕೆ 20 ಮಾತ್ರ. 1957ರಲ್ಲಂತೂ 32 ಬಲಿತ ಹದ್ದುಗಳಿಗೆ ಒಂದೇ ಎಳೆಯದು. ಹಿರಿಯವು ಹಾರುತ್ತಲೇ ಇದ್ದುದರಿಂದ ನೋಡುವವರಿಗೆ ಕೊರತೆ ಕಾಣಲಿಲ್ಲ, ಮಕ್ಕಳಿಲ್ಲದ ಮನೆಯಂತಾಗಿತ್ತು. ರೇಚಲ್ ಕಾರ್ಸನ್ 1962ರ ‘ಸೈಲೆಂಟ್ ಸ್ಪ್ರಿಂಗ್’ನಲ್ಲಿ ಈ ಅಂಕಿಗಳನ್ನೇ ಮುಂದಿಟ್ಟು ಡಿ.ಡಿ.ಟಿ.ಯ ಕಡೆಗೆ ಬೆರಳು ತೋರಿಸಿದರು. 1972ರಲ್ಲಿ ಆ ದೇಶ ಅದರ ಬಳಕೆಯನ್ನು ನಿಷೇಧಿಸಿತು. ಬ್ರೌನರ ಹಳೆಯ ಲೆಕ್ಕ ಇಲ್ಲದಿದ್ದರೆ 1957ರ ಅಂಕಿಯನ್ನು ಯಾವುದಕ್ಕೆ ಹೋಲಿಸಬೇಕಿತ್ತು?

ನಮ್ಮ ಬಯಲುಸೀಮೆಯಲ್ಲಿ ಅಂಥ ಉದ್ದ ಬೆಟ್ಟಸಾಲಿಲ್ಲ. ದೇವರಾಯನದುರ್ಗ ಇದೆಯಲ್ಲ ಎನ್ನಬೇಡಿ. ಬಿಡಿಬಿಡಿ ಬೆಟ್ಟಗಳು ಹಕ್ಕಿಗಳನ್ನು ಒಂದು ದಾರಿಗೆ ಕಟ್ಟಿಹಾಕಲಾರವು. ನಾಗಾಲ್ಯಾಂಡಿನಲ್ಲಿ 2013ರ ನವೆಂಬರಿನಲ್ಲಿ ಪುಟ್ಟ ಯಂತ್ರ ಕಟ್ಟಿ ಬಿಟ್ಟ ಅಮೂರ್ ಚಾಣಗಳು ಪರ್ಯಾಯದ್ವೀಪವನ್ನು ದಾಟಿ, ಅರಬ್ಬೀ ಸಮುದ್ರದ ಮೇಲೆ ಹಾರಿ ಆಫ್ರಿಕ ಸೇರಿದವು. ನೆಲದ ಮೇಲಿನ ನಾವು ತಲೆಯೆತ್ತಿದ್ದರೂ ಕಾಣುತ್ತಿತ್ತೋ ಇಲ್ಲವೋ!

ಸೆಳೆವಗಳ ಮಾತು ಹಾಗಲ್ಲ. ಹಗಲೆಲ್ಲ ಚೆದುರಿ ಬೇಟೆಯಾಡಿದರೂ, ಕತ್ತಲಾಗುವ ಹೊತ್ತಿಗೆ ಒಂದೇ ಹುಲ್ಲುಗಾವಲಿಗೆ ಬಂದು ನೆಲದ ಮೇಲೆ ತಂಗುವುದು ಅವುಗಳ ರೂಢಿ. ಗುಜರಾತಿನ ವೇಳಾವದರಿನ ತಂಗುದಾಣದಲ್ಲಿ 1990ರ ದಶಕದಲ್ಲಿ ಮಾಡಿದ ಎಣಿಕೆ ಜಗತ್ತಿನ ದಾಖಲೆ ಎನಿಸಿತು. ಆಂಧ್ರದ ರೊಳ್ಳಪಾಡಿನಲ್ಲಿಯೂ ಹೀಗೆಯೇ ಎಣಿಸಿದರು. ಹಳೆಯ ಎಣಿಕೆಯ ಪಕ್ಕದಲ್ಲಿ ಹೊಸದನ್ನು ಇಟ್ಟು ನೋಡಿದ ಬೆಂಗಳೂರಿನ ‘ಏಟ್ರೀ’ ಸಂಸ್ಥೆಯವರಿಗೆ ಸೆಳೆವಗಳು ಇಳಿಮುಖವಾಗಿರುವುದು ಕಂಡಿತು. ಹುಲ್ಲುಗಾವಲನ್ನು ಪಾಳುಭೂಮಿ ಎಂದು ಬರೆದುಕೊಳ್ಳುವ ನಮ್ಮ ಅಭ್ಯಾಸಕ್ಕೂ ಇದರಲ್ಲಿ ಪಾಲುಂಟು ಎಂದು ನನಗೆ ತೋರುತ್ತದೆ. ಮಿಡತೆಗಳನ್ನು ಹಿಡಿದು ತಿನ್ನುವ ಈ ಹಕ್ಕಿ ರೈತನಿಗೆ ಬೇಡವಾದುದೇನೂ ಅಲ್ಲ.

ನಮ್ಮ ಜಿಲ್ಲೆಯಲ್ಲಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಬಯಲಿದೆ. 2007ರಲ್ಲಿ ಅದು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಆಯಿತು. ಜಿಂಕೆ ನೋಡಲು ಹೋದವರು ಒಂದು ಗಂಟೆ ಹೆಚ್ಚು ನಿಲ್ಲಬಹುದು. ಅಲ್ಲಾಗಲಿ, ಮರಳೂರು ಏರಿಯ ಮೇಲಾಗಲಿ, ಸೂರ್ಯ ಬೆನ್ನಿಗಿರುವಂತೆ ಕುಳಿತುಕೊಳ್ಳಿ. ತಾರೀಖು, ಹೊತ್ತು, ಮೋಡವೋ ಬಿಸಿಲೋ ಎಂಬುದನ್ನು ಮೊದಲೇ ಬರೆದುಕೊಳ್ಳಿ. ಒಂದೂ ಬಾರದ ಸಂಜೆ ಸೊನ್ನೆ ಎಂದು ಬರೆಯಲು ಸಂಕೋಚ ಬೇಡ. ಸೆಳೆವ ಹುಲ್ಲಿಗೆ ಇಳಿದು, ಮತ್ತೆ ಎದ್ದು, ಸುತ್ತು ಹಾಕಿ ಇನ್ನೊಂದು ಕಡೆ ಇಳಿಯುವುದುಂಟು. ಅದನ್ನು ಎರಡೆಂದು ಎಣಿಸಬೇಡಿ.