ಕೋಆಕ್ಸಿಯಲ್ ಕನೆಕ್ಟರುಗಳು ಬೆಳೆದುಬಂದ ಬಗೆ

ಕಾಲೇಜಿನ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದ ಕಪಾಟು ತೆರೆದರೆ ಹಳೆಯ ಡಬ್ಬಿಯೊಂದರಲ್ಲಿ ನಿಕ್ಕಲ್ ಲೇಪಿಸಿದ ಹಿತ್ತಾಳೆಯ ಕನೆಕ್ಟರುಗಳು ರಾಶಿಯಾಗಿ ಬಿದ್ದಿರುತ್ತವೆ. ಕೆಲವಕ್ಕೆ ತಿರುಪಿನ ಮರೆ, ಕೆಲವು ಕಾಲು ಸುತ್ತು ತಿರುಗಿಸಿದರೆ ಕಚ್ಚಿಕೊಳ್ಳುತ್ತವೆ. ವಿದ್ಯಾರ್ಥಿ ಅವುಗಳಲ್ಲಿ ಉಪಕರಣಕ್ಕೆ ಕೂರುವುದನ್ನು ಹುಡುಕಿ ಜೋಡಿಸುತ್ತಾನೆ. ಕೂತಿತು ಎಂದರೆ ಸರಿಯಾಯಿತು ಎಂದೇ ಅವನ ನಂಬಿಕೆ. ಶ್ರಾವ್ಯ ಆವೃತ್ತಿಗಳಲ್ಲಿ ಈ ನಂಬಿಕೆ ಯಾರಿಗೂ ತೊಂದರೆ ಕೊಡದು. ಆವೃತ್ತಿ ನೂರಾರು ಮೆಗಾಹರ್ಟ್ಸ್‌ಗೆ ಏರಿದಾಗ, ಅಥವಾ ಕೆಲವೇ ನ್ಯಾನೊಸೆಕೆಂಡಿನ ಸ್ಪಂದಗಳನ್ನು ಅಳೆಯುವಾಗ, ಅದೇ ನಂಬಿಕೆ ತಪ್ಪು ಫಲಿತಾಂಶ ಕೊಡುತ್ತದೆ. ಯಾವ ಕನೆಕ್ಟರ್ ಎಲ್ಲಿಗೆ ತಕ್ಕುದು ಎಂಬ ಪಟ್ಟಿಗಳು ಕೈಪಿಡಿಗಳಲ್ಲಿ ಬೇಕಾದಷ್ಟಿವೆ. ಅವನ್ನು ಕಂಠಪಾಠ ಮಾಡುವುದಕ್ಕಿಂತ ಅವು ಹುಟ್ಟಿದ ಕ್ರಮವನ್ನು ತಿಳಿಯುವುದು ಒಳ್ಳೆಯದು. ಪ್ರತಿಯೊಂದು ಕನೆಕ್ಟರೂ ತನ್ನ ಕಾಲದಲ್ಲಿ ಬಳಕೆಗೆ ಬಂದ ಆವೃತ್ತಿಗೆ ಕೊಟ್ಟ ಉತ್ತರ.

ಕೇಬಲ್ ಕನೆಕ್ಟರಿಗಿಂತ ಬಹಳ ಹಳೆಯದು. ಒಂದು ವಾಹಕವನ್ನು ಕೊಳವೆಯಾಕಾರದ ಇನ್ನೊಂದು ವಾಹಕದೊಳಗೆ ಇಟ್ಟರೆ ಅಕ್ಕಪಕ್ಕದ ತಂತಿಗಳ ಹಾವಳಿ ತಪ್ಪುತ್ತದೆ ಎಂದು ಕಂಡುಕೊಂಡ ಇಂಗ್ಲೆಂಡಿನ ಆಲಿವರ್ ಹೆವಿಸೈಡ್ 1880ರಲ್ಲೇ ಪೇಟೆಂಟ್ ಪಡೆದಿದ್ದ. ಅದನ್ನು ವಿಶಾಲ ಆವೃತ್ತಿಪಟ್ಟಿಯ ಸಂವಹನಕ್ಕೆ ಒಗ್ಗಿಸಿದವರು ಅಮೆರಿಕದ ಲಾಯ್ಡ್ ಎಸ್ಪೆನ್‌ಶೀಡ್ ಮತ್ತು ಹರ್ಮನ್ ಅಫೆಲ್. 1929ರಲ್ಲಿ ಇವರು ಸಲ್ಲಿಸಿದ ಅರ್ಜಿಗೆ 1931ರಲ್ಲಿ ಪೇಟೆಂಟ್ ದೊರೆಯಿತು. 1936ರಲ್ಲಿ ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾ ನಡುವೆ ಪ್ರಾಯೋಗಿಕ ಮಾರ್ಗವೂ ಸಿದ್ಧವಾಯಿತು. ಒಮ್ಮೆ ಹಾಕಿದ ದೂರವಾಣಿ ಕೇಬಲನ್ನು ದಿನವೂ ಬಿಚ್ಚಿ ಹಾಕುವ ಅಗತ್ಯವಿರುವುದಿಲ್ಲ. ರೇಡಿಯೊ ಉಪಕರಣಗಳ ವಿಷಯ ಹಾಗಲ್ಲ.

1930ರ ದಶಕದಲ್ಲಿ ಆಂಫೆನಾಲ್ ಕಂಪನಿಯ ಕ್ಲಾರ್ಕ್ ಕ್ವಾಕೆನ್‌ಬುಷ್ ರೂಪಿಸಿದ ಕನೆಕ್ಟರಿಗೆ 'ಯುಎಚ್ಎಫ್' ಎಂಬ ಹೆಸರು ಬಂತು. ಹವ್ಯಾಸಿ ರೇಡಿಯೊ ಬಳಗ ಇದರ ಗಂಡು ಭಾಗವನ್ನು ಪಿಎಲ್-259 ಎಂದು ಕರೆಯುತ್ತದೆ. ದಪ್ಪ ನಡುಕಡ್ಡಿ, ಸುತ್ತ ಒಂದು ತಿರುಪಿನ ಚಿಪ್ಪು, ಅಷ್ಟೇ. ಆ ಕಾಲದಲ್ಲಿ 30 ಮೆಗಾಹರ್ಟ್ಸ್ ದಾಟಿದ್ದೆಲ್ಲವೂ 'ಅತ್ಯುಚ್ಚ ಆವೃತ್ತಿ'. ಇಂದು ಅದೇ ಯುಎಚ್ಎಫ್ ಎಂದರೆ 300ರಿಂದ 3000 ಮೆಗಾಹರ್ಟ್ಸ್. ಹೆಸರು ನಂಬಿ ಈ ಕನೆಕ್ಟರನ್ನು ಇಂದಿನ ಯುಎಚ್ಎಫ್‌ಗೆ ಬಳಸುವುದು ಶುದ್ಧ ತಪ್ಪು. ಅದು 300 ಮೆಗಾಹರ್ಟ್ಸ್‌ನ ಒಳಗೇ ಸುಸ್ತಾಗುತ್ತದೆ!

ಹೀಗೇಕೆ? ಕೋಆಕ್ಸಿಯಲ್ ಕೇಬಲಿನ ಉದ್ದಕ್ಕೂ ಹೊರವಾಹಕದ ಒಳವ್ಯಾಸ ಮತ್ತು ಒಳವಾಹಕದ ವ್ಯಾಸ ಇವುಗಳ ಅನುಪಾತ ಒಂದೇ ಆಗಿರುತ್ತದೆ. ನಡುವೆ ಗಾಳಿಯಿದ್ದರೆ ಈ ಅನುಪಾತದ ಸಹಜ ಲಾಗರಿತಮ್ಮನ್ನು 60ರಿಂದ ಗುಣಿಸಿದಾಗ ಅದರ ವಿಶಿಷ್ಟ ಇಂಪೀಡೆನ್ಸ್ ಓಮ್‌ಗಳಲ್ಲಿ ಸಿಗುತ್ತದೆ. ಪಾಲಿಎಥಿಲೀನ್ ತುಂಬಿದ್ದರೆ ಸುಮಾರು ಒಂದೂವರೆಯಿಂದ ಭಾಗಿಸಬೇಕು. ಯುಎಚ್ಎಫ್ ಕನೆಕ್ಟರಿನೊಳಗೆ ಈ ಅನುಪಾತದ ಕಡೆ ಯಾರೂ ಲಕ್ಷ್ಯ ಕೊಟ್ಟಿರಲಿಲ್ಲ. ದಪ್ಪ ಕಡ್ಡಿಯಿಂದಾಗಿ ಅಲ್ಲಿ ಇಂಪೀಡೆನ್ಸ್ 50 ಓಮ್‌ಗಿಂತ ಸಾಕಷ್ಟು ಕೆಳಗಿಳಿಯುತ್ತದೆ. ಇಂಪೀಡೆನ್ಸ್ ಬದಲಾದಲ್ಲೆಲ್ಲ ತರಂಗದ ಒಂದಂಶ ಪ್ರತಿಫಲಿಸುತ್ತದೆ, ಬೆಳಕು ಗಾಜಿನ ಮೇಲೆ ಬಿದ್ದಾಗ ಆಗುವಂತೆಯೇ. ಆದರೆ ಕನೆಕ್ಟರಿಗೆ ಎರಡು ಮುಖಗಳಿವೆ. ಪ್ರವೇಶದಲ್ಲಿ ಆಗುವ ಪ್ರತಿಫಲನ ಮತ್ತು ನಿರ್ಗಮನದಲ್ಲಿ ಆಗುವ ಪ್ರತಿಫಲನ ಪರಸ್ಪರ ವಿರುದ್ಧ ಚಿಹ್ನೆಯವು. 30 ಮೆಗಾಹರ್ಟ್ಸ್‌ನಲ್ಲಿ ಗಾಳಿಯಲ್ಲಿನ ತರಂಗದೂರ 10 ಮೀಟರ್. ಅದರ ಮುಂದೆ 2 ಸೆಂಟಿಮೀಟರ್ ಉದ್ದದ ಕನೆಕ್ಟರ್ ಲೆಕ್ಕಕ್ಕಿಲ್ಲ. ಎರಡೂ ಪ್ರತಿಫಲನಗಳು ಬಹುಮಟ್ಟಿಗೆ ಒಂದನ್ನೊಂದು ರದ್ದು ಮಾಡುತ್ತವೆ. 3 ಗಿಗಾಹರ್ಟ್ಸ್‌ನಲ್ಲಿ ತರಂಗದೂರ 10 ಸೆಂಟಿಮೀಟರ್. ಈಗ ಕನೆಕ್ಟರ್ ತರಂಗದೂರದ ಐದನೆಯ ಒಂದು ಭಾಗ! ರದ್ದಾಗುವ ಮಾತೇ ಇಲ್ಲ. ತರಗತಿಯಲ್ಲಿ ಈ ಒಂದು ಹೋಲಿಕೆಯನ್ನು ಹಲಗೆಯ ಮೇಲೆ ಬರೆದು ತೋರಿಸಿದರೆ ಉಳಿದ ಕಥೆ ತಾನಾಗಿಯೇ ಅರ್ಥವಾಗುತ್ತದೆ.

10 ಸೆಂಟಿಮೀಟರ್ ಎಂಬ ಸಂಖ್ಯೆ ಸುಮ್ಮನೆ ಆರಿಸಿದ್ದಲ್ಲ. 1940ರ ಫೆಬ್ರುವರಿಯಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ರಾಂಡಲ್ ಮತ್ತು ಬೂಟ್ ಅವರ ಕ್ಯಾವಿಟಿ ಮ್ಯಾಗ್ನೆಟ್ರಾನ್ ಕೆಲಸ ಮಾಡಿದಾಗ ರೇಡಾರ್ ಆ ತರಂಗದೂರಕ್ಕೆ ಜಿಗಿಯಿತು. ಇಂಪೀಡೆನ್ಸನ್ನು ಒಳಗೂ ಕಾಯ್ದುಕೊಳ್ಳುವ ಕನೆಕ್ಟರ್ ಅನಿವಾರ್ಯವಾಯಿತು. 1940ರ ದಶಕದಲ್ಲಿ ಬೆಲ್ ಪ್ರಯೋಗಾಲಯದ ಪಾಲ್ ನೀಲ್ ರೂಪಿಸಿದ ತಿರುಪಿನ ಕನೆಕ್ಟರಿಗೆ ಅವನ ಹೆಸರಿನ ಮೊದಲಕ್ಷರವೇ ಗುರುತಾಯಿತು: 'ಎನ್' ಮಾದರಿ. 1 ಗಿಗಾಹರ್ಟ್ಸ್‌ಗೆಂದು ಹುಟ್ಟಿದ ಅದು ಸುಧಾರಿಸುತ್ತ 11 ಗಿಗಾಹರ್ಟ್ಸ್ ತಲುಪಿತು, ನಿಖರ ಮಾದರಿಗಳು 18ರವರೆಗೂ ಹೋಗುತ್ತವೆ. ಆಂಫೆನಾಲಿನ ಕಾರ್ಲ್ ಕಾನ್ಸೆಲ್‌ಮನ್ 'ಸಿ' ಮಾದರಿಯನ್ನು ಕೊಟ್ಟ. ಇಬ್ಬರ ಹೆಸರೂ ಕೂಡಿ, ಬಯೊನೆಟ್ ಕೊಂಡಿಯ ಚಿಕ್ಕ ಕನೆಕ್ಟರ್ 'ಬಿಎನ್‌ಸಿ' ಆಯಿತು. ಇದನ್ನು 'ಬ್ರಿಟಿಷ್ ನೇವಲ್ ಕನೆಕ್ಟರ್' ಎಂದು ಬಿಡಿಸಿ ಬರೆಯುವುದುಂಟು. ಪರೀಕ್ಷೆಯಲ್ಲಿ ಯಾರಾದರೂ ಹಾಗೆ ಬರೆದರೆ ಅಂಕ ಕೊಡಬೇಡಿ. ಇದರ ಹಿಂದಿರುವ ಪೇಟೆಂಟ್ ಹೇಜಲ್‌ಟೈನ್ ಸಂಸ್ಥೆಯ ಆಕ್ಟೇವಿಯೊ ಸಲಾಟಿಯದು: ಅರ್ಜಿ 1945ರಲ್ಲಿ, ಮಂಜೂರಾತಿ 1951ರಲ್ಲಿ. ಅವನ ಹೆಸರು ಮಾತ್ರ ಕನೆಕ್ಟರಿಗೆ ಅಂಟಲಿಲ್ಲ. ಬಿಎನ್‌ಸಿ ಸುಮಾರು 4 ಗಿಗಾಹರ್ಟ್ಸ್‌ವರೆಗೆ ಸಾಕು. ಅದರ ಕೊಂಡಿ ಅಲುಗಾಟದಲ್ಲಿ ಸಡಿಲವಾಗುವುದರಿಂದ ಕೊಂಡಿಯ ಬದಲು ತಿರುಪು ಹಾಕಿದ ಟಿಎನ್‌ಸಿ 1950ರ ದಶಕದ ಕೊನೆಗೆ ಬಂತು.

ಇಲ್ಲಿ 50 ಮತ್ತು 75 ಓಮ್‌ಗಳ ಗೊಂದಲವನ್ನು ಬಿಡಿಸಲೇಬೇಕು. ಗಾಳಿ ತುಂಬಿದ ಕೇಬಲಿನಲ್ಲಿ ಹೊರವ್ಯಾಸ ಗೊತ್ತುಪಡಿಸಿ ಲೆಕ್ಕ ಹಾಕಿದರೆ ಅತಿ ಕಡಿಮೆ ನಷ್ಟ ಆಗುವುದು 77 ಓಮ್‌ನಲ್ಲಿ, ಅತಿ ಹೆಚ್ಚು ಸಾಮರ್ಥ್ಯ ಹೊರುವುದು 30 ಓಮ್‌ನಲ್ಲಿ. 50 ಇವೆರಡರ ನಡುವಿನ ರಾಜಿ. 75 ಎಂಬುದು ಕಡಿಮೆ ನಷ್ಟದ ಬೆಲೆಗೆ ಹತ್ತಿರ, ಅರ್ಧತರಂಗ ಡೈಪೋಲ್ ಆಂಟೆನಾದ 73 ಓಮ್‌ಗೂ ಹತ್ತಿರ. ಹೀಗೆ ಪ್ರೇಷಕ ಮತ್ತು ಮಾಪನ ಉಪಕರಣಗಳು 50 ಓಮ್ ಹಿಡಿದವು, ಟೆಲಿವಿಷನ್ 75 ಹಿಡಿಯಿತು. ಕಷ್ಟವೆಂದರೆ ಬಿಎನ್‌ಸಿ ಎರಡರಲ್ಲೂ ಇದೆ, ಒಂದಕ್ಕೊಂದು ಸಲೀಸಾಗಿ ಕೂರುತ್ತದೆ. 50 ಓಮ್ ಕೇಬಲನ್ನು 75 ಓಮ್ ಕೇಬಲಿಗೆ ಜೋಡಿಸಿದರೆ ಪ್ರತಿಫಲನಾಂಕ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದಷ್ಟು, 25/125, ಅಂದರೆ ಐದನೆಯ ಒಂದು ಭಾಗ. ಸಾಮರ್ಥ್ಯದಲ್ಲಿ ಇದು ಶೇಕಡ 4 ಮಾತ್ರ. ಆದ್ದರಿಂದ ಚಿತ್ರ ನೋಡುವವರಿಗೆ ಅಷ್ಟಾಗಿ ತಿಳಿಯದು, ಸ್ಪಂದ ಅಳೆಯುವವರಿಗೆ ಚೆನ್ನಾಗಿಯೇ ತಿಳಿಯುತ್ತದೆ. 'ಎನ್' ಮಾದರಿಯಲ್ಲಿ ಅಪಾಯ ಇನ್ನೂ ಸ್ಥೂಲ: 50 ಓಮ್‌ನ ದಪ್ಪ ಕಡ್ಡಿಯನ್ನು 75 ಓಮ್‌ನ ಹೆಣ್ಣು ಭಾಗಕ್ಕೆ ತುರುಕಿದರೆ ಒಳಗಿನ ಸೂಕ್ಷ್ಮ ಎಸಳುಗಳು ಅರಳಿ ಕೆಡುತ್ತವೆ. ಆಮೇಲೆ ಅದರದೇ ಜೋಡಿಯನ್ನು ಹಾಕಿದರೂ ಸಂಪರ್ಕ ಸರಿಯಾಗಿ ಸಿಗುವುದಿಲ್ಲ.

1990ರ ದಶಕದಲ್ಲಿ ಕಂಪ್ಯೂಟರ್ ಪ್ರಯೋಗಾಲಯ ನೋಡಿಕೊಂಡವರಿಗೆ ತೆಳು ಈಥರ್ನೆಟ್ ನೆನಪಿರಬಹುದು. 185 ಮೀಟರ್‌ವರೆಗಿನ 50 ಓಮ್ ಕೇಬಲಿಗೆ ಬಿಎನ್‌ಸಿ 'ಟಿ'ಗಳ ಮೂಲಕ ಕಂಪ್ಯೂಟರುಗಳು, ಎರಡೂ ತುದಿಗೆ 50 ಓಮ್ ಮುಚ್ಚಳ. ಒಂದು ಮುಚ್ಚಳ ಕಳಚಿದರೂ ಪ್ರತಿಫಲನದಿಂದ ಇಡೀ ಜಾಲ ಕೂತುಬಿಡುತ್ತಿತ್ತು.

ಟೆಲಿವಿಷನ್ ಕೇಬಲಿನದು ಬೇರೆಯೇ ದಾರಿ. ಸಾವಿರಾರು ಮನೆಗಳಿಗೆ ಹಾಕುವ ಕನೆಕ್ಟರ್ ಅಗ್ಗವಾಗಿರಬೇಕು. 1950ರ ದಶಕದಲ್ಲಿ ಜೆರಾಲ್ಡ್ ಎಲೆಕ್ಟ್ರಾನಿಕ್ಸ್‌ನ ಎರಿಕ್ ವಿನ್‌ಸ್ಟನ್ ಕಂಡುಕೊಂಡ 'ಎಫ್' ಕನೆಕ್ಟರಿನಲ್ಲಿ ನಡುಕಡ್ಡಿಯೇ ಇಲ್ಲ. ಕೇಬಲಿನ ತಂತಿಯೇ ಕಡ್ಡಿ! ಕೇಬಲಿನ ಅನುಪಾತ ಕನೆಕ್ಟರಿನೊಳಗೂ ಹೆಚ್ಚು ಕೆಡುವುದಿಲ್ಲವಾದ್ದರಿಂದ ಉಪಗ್ರಹ ಡಿಶ್‌ನಿಂದ ಮನೆಗಿಳಿಯುವ 2 ಗಿಗಾಹರ್ಟ್ಸ್ ಸಂಕೇತಕ್ಕೂ ಇದು ಸಾಲುತ್ತದೆ. ದುಬಾರಿ ಯುಎಚ್ಎಫ್ ಸೋತ ಕಡೆ ಅಗ್ಗದ ಎಫ್ ಗೆಲ್ಲುತ್ತದೆ. ಹೊರಹೆಣಿಗೆಯ ಒಂದು ಎಳೆ ನಡುತಂತಿಗೆ ತಾಗಿದರೆ ಮಾತ್ರ ಚಿತ್ರ ಮಾಯ. ನಮ್ಮ ಊರುಗಳ ಕೇಬಲ್ ಹುಡುಗರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಅನುಪಾತವನ್ನು ಎಷ್ಟೇ ಚೆನ್ನಾಗಿ ಕಾಯ್ದರೂ ಒಂದು ಮಿತಿ ಬರುತ್ತದೆ. ಎರಡು ವಾಹಕಗಳ ನಡುವಣ ಸರಾಸರಿ ಪರಿಧಿ ತರಂಗದೂರಕ್ಕೆ ಸಮನಾದಾಗ ಬೇರೊಂದು ಬಗೆಯ ತರಂಗವೂ ಒಳಗೆ ಚಲಿಸತೊಡಗುತ್ತದೆ, ಮಾಪನ ಕೆಡುತ್ತದೆ. 7 ಮಿಲಿಮೀಟರ್ ಹೊರವ್ಯಾಸದ, ಗಾಳಿ ತುಂಬಿದ 50 ಓಮ್ ಮಾರ್ಗಕ್ಕೆ ಒಳವ್ಯಾಸ 3.04 ಮಿಲಿಮೀಟರ್. ಸರಾಸರಿ ವ್ಯಾಸ 5.02, ಪರಿಧಿ 15.8 ಮಿಲಿಮೀಟರ್. ಆ ತರಂಗದೂರಕ್ಕೆ ಆವೃತ್ತಿ 19 ಗಿಗಾಹರ್ಟ್ಸ್. ನಿಖರ 'ಎನ್' ಮಾದರಿ 18ರಲ್ಲಿ ನಿಲ್ಲುವ ಕಾರಣ ಇದೇ. ಆಚೆ ಹೋಗಲು ಗಾತ್ರ ಕುಗ್ಗಿಸದೆ ಬೇರೆ ಹಾದಿಯಿಲ್ಲ. 1960ರ ದಶಕದಲ್ಲಿ ನೆಲೆಗೊಂಡ ಚಿಕ್ಕ ಎಸ್ಎಂಎ ಕನೆಕ್ಟರನ್ನು ಒಳಗೆ ಟೆಫ್ಲಾನ್ ತುಂಬಿದ್ದರೂ 18 ಗಿಗಾಹರ್ಟ್ಸ್‌ವರೆಗೆ ನಂಬಬಹುದು. ಟೆಫ್ಲಾನ್ ತೆಗೆದು ಗಾಳಿ ಬಿಟ್ಟ 3.5 ಮತ್ತು 2.92 ಮಿಲಿಮೀಟರ್ ಮಾದರಿಗಳು ಇನ್ನೂ ಮೇಲೆ ಹೋದವು, 2.92ರದು 40 ಗಿಗಾಹರ್ಟ್ಸ್ ಮುಟ್ಟಿತು.

ಇವೆರಡೂ ಎಸ್ಎಂಎ ಜೊತೆ ಕೂರುವಂತೆ ರೂಪುಗೊಂಡವು. ಅನುಕೂಲವೇನೋ ಹೌದು, ಆದರೆ ಸುಮಾರು 500 ಬಾರಿಯ ಜೋಡಣೆಗಷ್ಟೇ ಬಾಳುವ, ಕಡ್ಡಿ ಸ್ವಲ್ಪ ಮುಂದೆ ಚಾಚಿದ ಅಗ್ಗದ ಎಸ್ಎಂಎ ಒಂದು ಸಾಕು, ದುಬಾರಿ ಮಾಪನ ಉಪಕರಣದ ಬಾಯನ್ನು ಹಾಳುಮಾಡಲು. ಜೋಡಿಸುವಾಗಲೂ ಹೊರಗಿನ ನಟ್ಟನ್ನು ಮಾತ್ರ ತಿರುಗಿಸಬೇಕು, ಕನೆಕ್ಟರಿನ ಮೈಯನ್ನಲ್ಲ. ಆನಂತರ 50 ಗಿಗಾಹರ್ಟ್ಸ್‌ಗೆಂದು 2.4 ಮಿಲಿಮೀಟರ್ ಕನೆಕ್ಟರನ್ನು ರೂಪಿಸಿದವರು ಎಸ್ಎಂಎ ಅದಕ್ಕೆ ಕೂರದಂತೆ ಬೇಕೆಂದೇ ತಿರುಪಿನ ಅಳತೆಯನ್ನು ಬದಲಿಸಿದರು.