ಮುಂಬಯಿಯ ಬೆಳಕು, ಠಾಣೆಯ ತಂತಿಗಳು

ಕಲ್ಯಾಣಕ್ಕೂ ಡೊಂಬಿವಲಿಗೂ ನಡುವಣ ಠಾಕುರ್ಲಿಯು ಇಂದು ಲೋಕಲ್ ಗಾಡಿಗಳು ಕ್ಷಣಕಾಲ ನಿಂತು ಹೋಗುವ ಒಂದು ಸಣ್ಣ ನಿಲ್ದಾಣ. ಆದರೆ ಈ ಪ್ರಾಂತದ ವಿದ್ಯುಚ್ಛಕ್ತಿಯ ಇತಿಹಾಸವನ್ನು ಅರಸುವವರು ಅದನ್ನು ಅಲಕ್ಷಿಸುವಂತಿಲ್ಲ. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾದವರೆಗೆ ಭಾರತದ ಮೊದಲ ವಿದ್ಯುತ್ ರೈಲು ಓಡಿತು. ವಿದ್ಯುದೀಕರಣವು ಕಲ್ಯಾಣವನ್ನು ದಾಟಿ ಘಟ್ಟದತ್ತ ಸಾಗಿದಾಗ, ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು ಠಾಕುರ್ಲಿಯಲ್ಲಿ ತನ್ನದೇ ಆದ ವಿದ್ಯುದಾಗಾರವನ್ನು ಕಟ್ಟಿ 1929ರಲ್ಲಿ ಕೆಲಸಕ್ಕೆ ತೊಡಗಿಸಿತು. ಚೋಳಾ ವಿದ್ಯುದಾಗಾರವೆಂದು ಹೆಸರಾದ ಅದು ಕಲ್ಲಿದ್ದಲನ್ನು ಉರಿಸಿ, ಗಾಡಿಗೆ ಬೇಕಾದ ಶಕ್ತಿಯನ್ನು ಹಳಿಯ ಮಗ್ಗುಲಲ್ಲಿಯೇ ಹುಟ್ಟಿಸುತ್ತಿತ್ತು. 1980ರ ದಶಕದ ಕೊನೆಯ ವೇಳೆಗೆ ಅದು ಮುಚ್ಚಿತು.

ಮುಂಬಯಿ ನಗರದ ಬೆಳಕು ಮಾತ್ರ ಬಹುಮಟ್ಟಿಗೆ ದೂರದಿಂದ ಬಂದಿತು. ಶಕ್ತಿಯನ್ನು ದೂರಕ್ಕೆ ಒಯ್ಯಬಹುದೆಂಬುದನ್ನು ಮೈಸೂರು ಸಂಸ್ಥಾನವು 1902ರಲ್ಲಿಯೇ ತೋರಿಸಿದ್ದಿತು. ಶಿವನಸಮುದ್ರದ ವಿದ್ಯುತ್ತು 147 ಕಿಲೋಮೀಟರು ಸಾಗಿ ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತು. ಸಹ್ಯಾದ್ರಿಯ ಮೇಲೆ ಮಳೆಯ ನೀರನ್ನು ತಡೆದು ಪಡುವಣಕ್ಕೆ ಧುಮುಕಿಸಿದ ಟಾಟಾ ಸಂಸ್ಥೆಗಳ ವಿದ್ಯುದಾಗಾರಗಳು ಖೋಪೋಲಿಯಲ್ಲಿ 1915ರಲ್ಲಿಯೂ, ಭಿವಪುರಿಯಲ್ಲಿ 1922ರಲ್ಲಿಯೂ, ಭಿರಾದಲ್ಲಿ 1927ರಲ್ಲಿಯೂ ಆರಂಭವಾದವು. ನಗರವು ಬೆಳೆದಂತೆ ಇವು ಸಾಲದೆ, 1956ರಲ್ಲಿ ಟ್ರಾಂಬೆಯ ಉಷ್ಣ ವಿದ್ಯುದಾಗಾರವು ತಲೆಯೆತ್ತಿತು. ಅದೂ ಸಾಲದಾದಾಗ ನಗರವು ರಾಜ್ಯದ ವಿದ್ಯುಜ್ಜಾಲವನ್ನು ಹೆಚ್ಚು ಹೆಚ್ಚಾಗಿ ನೆಚ್ಚಿತು. ಆ ಜಾಲದ ಹೆಬ್ಬಾಗಿಲುಗಳು ನಗರದ ಹೊರಗೆ, ಭಿವಂಡಿ ತಾಲ್ಲೂಕಿನ ಪಡಘೆ, ಠಾಣೆ ಖಾಡಿಯ ಆಚೆಯ ಕಳವಾ, ನವಿ ಮುಂಬಯಿಯ ಖಾರಘರ್‌ಗಳಲ್ಲಿವೆ.

ಜಾಲದ ಗುಣವನ್ನು ಇಲ್ಲಿ ವಿಚಾರಿಸಬೇಕು. ಒಂದೇ ಮೂಲವನ್ನು ನೆಚ್ಚಿದ ಊರು ಆ ಮೂಲದ ಕಷ್ಟಕ್ಕೂ ಪಾಲುಗಾರ. ಹಲವು ಮೂಲಗಳನ್ನು ಹೆಣೆದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಆದರೆ ವಿದ್ಯುತ್ತು ಕಣಜದ ಧಾನ್ಯದಂತಲ್ಲ. ಉತ್ಪನ್ನವೂ ಬಳಕೆಯೂ ಕ್ಷಣಕ್ಷಣಕ್ಕೂ ಸಮತೂಗಬೇಕು. ಒಂದು ಮಾರ್ಗ ಕಳಚಿದರೆ ಅದರ ಭಾರ ನೆರೆಯ ಮಾರ್ಗಗಳ ಮೇಲೆ ಬೀಳುತ್ತದೆ. ಅವಕ್ಕೆ ಹೊರುವ ಶಕ್ತಿಯಿಲ್ಲದಿದ್ದರೆ ಅವೂ ಕಳಚುತ್ತವೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದುದು ಹೀಗೆಯೇ. ಪಶ್ಚಿಮದ ಜಾಲವು ಬೇರ್ಪಟ್ಟು ಉಳಿದುಕೊಂಡಿತು. ಮರುವರ್ಷ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರಗಳ 765 ಕಿಲೋವೋಲ್ಟ್ ಮಾರ್ಗವು ದಕ್ಷಿಣವನ್ನೂ ಬೆಸೆದು, ದೇಶಕ್ಕೆಲ್ಲ ಒಂದೇ ಜಾಲವಾಯಿತು. ಕೂಡುವ ವಿದ್ಯೆಯಂತೆ ಬೇರ್ಪಡುವ ವಿದ್ಯೆಯೂ ಅವಶ್ಯವೆಂಬುದು ಇದರಿಂದ ತಿಳಿಯುತ್ತದೆ.

ಮುಂಬಯಿಗೆ ಈ ವಿದ್ಯೆ ಹೊಸದಲ್ಲ. ಹೊರಗಿನ ಜಾಲ ಕುಸಿದಾಗ ನಗರವು ತಾನೇ ಕಳಚಿಕೊಂಡು, ಟ್ರಾಂಬೆ ಮತ್ತು ಘಟ್ಟದ ಶಕ್ತಿಯಿಂದ ದ್ವೀಪದಂತೆ ನಿಲ್ಲುವ ಏರ್ಪಾಡು 1981ರಲ್ಲಿಯೇ ಆಯಿತು. ಅದು ಹಲವು ಬಾರಿ ನಗರವನ್ನು ಕಾಪಾಡಿತು. 2020ರ ಅಕ್ಟೋಬರ್ 12ರಂದು ಮಾತ್ರ ಅದು ಸಾಲಲಿಲ್ಲ. ಕಳವಾ-ಪಡಘೆ ನಡುವಣ 400 ಕಿಲೋವೋಲ್ಟಿನ ಒಂದು ಮಾರ್ಗವನ್ನು ಅಂದು ನಸುಕಿನಲ್ಲಿ ದುರಸ್ತಿಗಾಗಿ ನಿಲ್ಲಿಸಲಾಗಿತ್ತು. ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಜೊತೆಯ ಮಾರ್ಗವೂ ಕಳಚಿತು. ಭಾರವು ಖಾರಘರದ ಕಡೆಗೆ ಹೊರಳಿ ಅಲ್ಲಿಯ ಮಾರ್ಗವೂ ಸೋತಿತು. ನಗರವು ದ್ವೀಪವಾಯಿತೇನೋ ನಿಜ; ಆದರೆ ಒಳಗೆ ಹುಟ್ಟುತ್ತಿದ್ದ ಶಕ್ತಿ ಬಳಕೆಗೆ ಎಷ್ಟೂ ಸಾಲದೆ ದ್ವೀಪವೂ ಮುಳುಗಿತು. ಡಹಾಣೂ ವಿದ್ಯುದಾಗಾರದ ಸುಮಾರು 385 ಮೆಗಾವಾಟ್ ಮಾತ್ರ ಅವಶ್ಯ ಸೇವೆಗಳಿಗೆ ಒದಗಿತು. ಮುಂಬಯಿ, ಠಾಣೆ, ನವಿ ಮುಂಬಯಿಗಳು ಸ್ತಬ್ಧವಾದವು. ಕೋವಿಡ್ ರೋಗದ ಆ ದಿನಗಳಲ್ಲಿ ಲೋಕಲ್ ಗಾಡಿಗಳಲ್ಲಿ ಅವಶ್ಯ ಸೇವೆಯವರಿಗಷ್ಟೇ ಪ್ರವೇಶವಿದ್ದಿತು. ಆಸ್ಪತ್ರೆಗೆ ಹೊರಟವರೇ ಹಳಿಗಳ ನಡುವೆ ಸಿಲುಕಿದರು.

ಕುಸಿಯದಿರುವುದು ಒಂದು ಗುಣ, ಕುಸಿದ ಮೇಲೆ ಬೇಗ ಏಳುವುದು ಇನ್ನೊಂದು. ಮೊದಲನೆಯದಕ್ಕೆ ಮೀಸಲು ಮಾರ್ಗ ಬೇಕು. ಎರಡನೆಯದಕ್ಕೆ ಹೊರಗಿನ ನೆರವಿಲ್ಲದೆ ಚಾಲನೆಗೊಳ್ಳಬಲ್ಲ ಜಲವಿದ್ಯುದಾಗಾರಗಳಂಥ ಆಸರೆ ಬೇಕು. ವರುಷಗಳ ವಿಳಂಬದ ಬಳಿಕ 2023ರಲ್ಲಿ ಖಾರಘರ್-ವಿಕ್ರೋಲಿ 400 ಕಿಲೋವೋಲ್ಟ್ ಮಾರ್ಗವು ಪೂರ್ಣಗೊಂಡು ನಗರಕ್ಕೆ ಹೊಸ ಬಾಗಿಲೊಂದು ತೆರೆದಿದೆ. ತಿಜೋರಿಯ ಮೀಸಲು ಧನದಂತೆ, ಮೀಸಲು ತಂತಿಯೂ ನಿತ್ಯದ ಲೆಕ್ಕದಲ್ಲಿ ವ್ಯರ್ಥ ವೆಚ್ಚವಾಗಿ ತೋರುತ್ತದೆ. ಅದರ ಬೆಲೆ ತಿಳಿಯುವುದು ಕೇಳಿಕೆಗಳೆಲ್ಲ ಒಮ್ಮೆಗೇ ಬಂದ ದಿನ. ಅಂದು ಮೀಸಲು ಕಟ್ಟಲು ಹೊರಟರೆ ಕಾಲ ಮೀರಿರುತ್ತದೆ.