ಗೋಡೆಯಲ್ಲಿ ಕಿಂಡಿ ಬಿದ್ದ ವರ್ಷ: ಹಳೆಯ ಮೆಸೆಂಜರ್‌ಗಳ ವಿಡಿಯೊ ಕಥೆ

ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ಕೂತು ನೋಡಿ. ಯಾರಾದರೊಬ್ಬರು ಮೊಬೈಲನ್ನು ಮುಖದ ಮುಂದೆ ಹಿಡಿದು, "ಕಾಣಾಕತ್ತೈತೇನು? ನಿನ್ನ ಮುಖ ಕಾಣವಲ್ದು, ಬೆಳಕಿಗೆ ಬಾ" ಎನ್ನುತ್ತಿರುತ್ತಾರೆ. ಆ ಕಡೆ ಗೋವಾಕ್ಕೆ ದುಡಿಯಲು ಹೋದ ಮಗ ಇರಬಹುದು, ಬೆಂಗಳೂರಿನಲ್ಲಿ ನೌಕರಿ ಮಾಡುವ ಮಗಳು ಇರಬಹುದು. ಅವರ ಕೈಯಲ್ಲಿರುವುದು ಐಫೋನೋ ಆಂಡ್ರಾಯ್ಡೋ ಎಂದು ಯಾರೂ ಕೇಳುವುದಿಲ್ಲ. ಎರಡರಲ್ಲೂ ವಾಟ್ಸ್‌ಆ್ಯಪ್ ಇದ್ದರೆ ಮುಗೀತು.

ಇಪ್ಪತ್ತು ವರ್ಷಗಳ ಹಿಂದೆ ಮೊದಲು ಕೇಳಬೇಕಿದ್ದ ಪ್ರಶ್ನೆಯೇ ಅದು. ನಿಮ್ಮ ಕಡೆ ಯಾವ ಕಂಪ್ಯೂಟರ್, ವಿಂಡೋಸೋ ಮ್ಯಾಕೋ? ಅದರಲ್ಲಿ ಯಾವ ಮೆಸೆಂಜರ್? ಅದರ ಯಾವ ವರ್ಷನ್? ಇಷ್ಟಕ್ಕೂ ಉತ್ತರ ಹೊಂದದಿದ್ದರೆ ಮುಖ ಕಾಣುತ್ತಿರಲಿಲ್ಲ. ಹೀಗೆ ಯಾಕಿತ್ತು ಎಂದು ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ಯಂತ್ರಗಳ ಕಥೆಗಿಂತ ಹೆಚ್ಚಾಗಿ ಕಂಪನಿಗಳ ಕಥೆ, ಒಂದು ಸರ್ಕಾರದ ಕಥೆ. ಯಂತ್ರಗಳು ಬಹಳ ಮೊದಲೇ ತಯಾರಾಗಿದ್ದವು.

ಹಾಗಂತ ಕೆಲಸ ಸುಲಭದ್ದಾಗಿರಲಿಲ್ಲ. ಒಂದು ಸಣ್ಣ ಲೆಕ್ಕ ಹಾಕೋಣ. ಆ ಕಾಲದ ವಿಡಿಯೊ ಚಾಟ್‌ನ ಒಂದು ಒಳ್ಳೆಯ ಚಿತ್ರ ಅಂದರೆ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕೆ. ಒಂದು ಚುಕ್ಕೆಗೆ 12 ಬಿಟ್, ಸೆಕೆಂಡಿಗೆ 15 ಚಿತ್ರ ಎಂದಿಟ್ಟುಕೊಂಡರೆ ಸೆಕೆಂಡಿಗೆ ಸುಮಾರು 1.82 ಕೋಟಿ ಬಿಟ್ ಕಳಿಸಬೇಕು. ನಮ್ಮ ದೇಶದ 2004ರ ಬ್ರಾಡ್‌ಬ್ಯಾಂಡ್ ನೀತಿ ಬ್ರಾಡ್‌ಬ್ಯಾಂಡ್ ಎಂದು ಕರೆದದ್ದು ಸೆಕೆಂಡಿಗೆ 256 ಕಿಲೋಬಿಟ್ ವೇಗವನ್ನು, ಅಂದರೆ 2.56 ಲಕ್ಷ ಬಿಟ್. ಎಪ್ಪತ್ತು ಪಟ್ಟು ಒತ್ತಬೇಕು. ಜಿನ್ನಿನಲ್ಲಿ ಹತ್ತಿ ಒತ್ತಿ ಅಂಡಿಗೆ ಕಟ್ಟುತ್ತಾರಲ್ಲ, ಹಾಗೆ. ಅಂಡಿಗೆ ಕಟ್ಟಿದ ರೀತಿ ಗೊತ್ತಿದ್ದವರಷ್ಟೇ ಅದನ್ನು ಬಿಚ್ಚಬಲ್ಲರು. ಒತ್ತುವ, ಬಿಚ್ಚುವ ಈ ವಿಧಾನಕ್ಕೆ ಕೋಡೆಕ್ ಎಂದು ಹೆಸರು. ಎರಡೂ ಕಡೆ ಒಂದೇ ಕೋಡೆಕ್ ಇರಬೇಕು. ಇದರ ಜೊತೆಗೆ ಆ ಕಡೆಯವರು ಈಗ ಆನ್‌ಲೈನ್ ಇದ್ದಾರೆಯೇ, ಅವರ ವಿಳಾಸ ಯಾವುದು ಎಂದು ಹೇಳುವ ಸರ್ವರ್ ಬೇಕು. ಮೂರನೆಯದಾಗಿ, ಆಫೀಸು, ಕೆಫೆಗಳ ರೂಟರ್ ಮತ್ತು ಫೈರ್‌ವಾಲ್ ದಾಟಿ ಹೋಗಲು ದಾರಿ ಬೇಕು.

ಈ ಮೂರನ್ನೂ ಒಂದು ಮಟ್ಟಿಗೆ ಮೊದಲೇ ಬಿಡಿಸಿದ್ದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ. 1992ರಲ್ಲಿ ಅಲ್ಲಿಯ ಟಿಮ್ ಡಾರ್ಸಿ ಮ್ಯಾಕಿಂಟಾಷ್ ಕಂಪ್ಯೂಟರಿಗೆ ಸಿಯು-ಸೀಮಿ ಎಂಬ ಸಾಫ್ಟ್‌ವೇರ್ ಬರೆದರು. ಕಪ್ಪು ಬಿಳುಪಿನ ಸಣ್ಣ ಚಿತ್ರ. 1994ರಲ್ಲಿ ಅದು ವಿಂಡೋಸ್‌ಗೂ ಬಂತು, ಪುಕ್ಕಟೆಯಾಗಿ. ಎಂದರೆ ನಮ್ಮ ದೇಶದ ಜನಸಾಮಾನ್ಯರಿಗೆ ವಿಎಸ್‌ಎನ್‌ಎಲ್ ಇಂಟರ್‌ನೆಟ್ ಕೊಟ್ಟ 1995ರ ಆಗಸ್ಟ್ 15ಕ್ಕಿಂತ ಮೊದಲೇ ಮ್ಯಾಕ್ ಮತ್ತು ವಿಂಡೋಸ್ ಒಂದರ ಮುಖ ಒಂದು ನೋಡಿದ್ದವು! ಹಾಗಾದರೆ ಹತ್ತು ವರ್ಷದ ನಂತರವೂ ಇದೇ ಕಷ್ಟ ಯಾಕಿತ್ತು?

ನಡುವೆ ಬಂದವು ಮೆಸೆಂಜರ್‌ಗಳು. 1996ರಲ್ಲಿ ಇಸ್ರೇಲಿನ ಐಸಿಕ್ಯು, 1997ರಲ್ಲಿ ಅಮೆರಿಕ ಆನ್‌ಲೈನ್ ಅಂದರೆ ಎಒಎಲ್ ಕಂಪನಿಯ ಏಮ್, 1998ರಲ್ಲಿ ಯಾಹೂ, 1999ರ ಜುಲೈನಲ್ಲಿ ಮೈಕ್ರೋಸಾಫ್ಟಿನ ಎಂಎಸ್‌ಎನ್. ಎಂಎಸ್‌ಎನ್ ಮೆಸೆಂಜರ್‌ಗೆ ಹಾಟ್‌ಮೇಲ್ ಖಾತೆಯೇ ಬಾಗಿಲ ಕೀಲಿ. ಬೆಂಗಳೂರಿನಲ್ಲಿ ಶಾಲೆ ಕಲಿತ ಸಬೀರ್ ಭಾಟಿಯಾ ಗೆಳೆಯ ಜ್ಯಾಕ್ ಸ್ಮಿತ್ ಜೊತೆ ಸೇರಿ 1996ರಲ್ಲಿ ಶುರು ಮಾಡಿದ್ದು ಹಾಟ್‌ಮೇಲ್. ಅದನ್ನು 1997ರ ಕೊನೆಗೆ ಮೈಕ್ರೋಸಾಫ್ಟ್ ಕೊಂಡಿತ್ತು.

ಎಂಎಸ್‌ಎನ್ ಬಂದ ಹೊಸತರಲ್ಲಿ ಅದರಿಂದ ಏಮ್‌ನ ಗೆಳೆಯರಿಗೂ ಸಂದೇಶ ಕಳಿಸಬಹುದಿತ್ತು. ಮೈಕ್ರೋಸಾಫ್ಟ್ ಅನುಮತಿ ಕೇಳದೆ ಏಮ್‌ನ ಸರ್ವರಿಗೆ ತನ್ನ ತಂತಿ ಜೋಡಿಸಿತ್ತು. ಎಒಎಲ್ ಅದನ್ನು ಕತ್ತರಿಸಿತು. ಮೈಕ್ರೋಸಾಫ್ಟ್ ಮತ್ತೆ ಜೋಡಿಸಿತು, ಇವರು ಮತ್ತೆ ಕತ್ತರಿಸಿದರು. ವಾರಗಟ್ಟಲೆ ಇದೇ ನಡೆದು, ವರ್ಷ ಮುಗಿಯುವ ಮೊದಲೇ ಮೈಕ್ರೋಸಾಫ್ಟ್ ಕೈಬಿಟ್ಟಿತು. ಹೊಲದ ಬದುವಿನ ಜಗಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೈಕ್ರೋಸಾಫ್ಟ್ ಅಂದು ಜನರ ಪರವಾಗಿ ಹೋರಾಡಿತು ಎಂದೂ ನಾನು ನಂಬುವುದಿಲ್ಲ. ಮಂದಿ ಏಮ್‌ನಲ್ಲಿದ್ದರು, ಅವರು ಅದಕ್ಕೆ ಬೇಕಾಗಿದ್ದರು, ಅಷ್ಟೇ.

ಆಮೇಲೆ ನಡೆದದ್ದು ಈ ಇತಿಹಾಸದಲ್ಲಿ ನನಗೆ ಬಹಳ ಮುಖ್ಯ ಎನಿಸಿದ ಭಾಗ. 2001ರ ಜನವರಿಯಲ್ಲಿ ಎಒಎಲ್ ಕಂಪನಿ ಟೈಮ್ ವಾರ್ನರ್ ಜೊತೆ ಒಂದಾಗಲು ಹೊರಟಾಗ, ಅಮೆರಿಕದ ಸಂಪರ್ಕ ಆಯೋಗ ಎಫ್‌ಸಿಸಿ ಒಪ್ಪಿಗೆಯ ಜೊತೆ ಒಂದು ಷರತ್ತು ಹಾಕಿತು. ಟೈಮ್ ವಾರ್ನರ್‌ನ ಕೇಬಲ್ ಜಾಲದ ಮೇಲೆ ಮೆಸೆಂಜರ್ ಮೂಲಕ ವಿಡಿಯೊದಂಥ ಮುಂದುವರಿದ ಸೇವೆ ಕೊಡಬೇಕಾದರೆ, ಬೇರೆ ಕಂಪನಿಗಳ ಮೆಸೆಂಜರ್‌ಗೂ ಬಾಗಿಲು ತೆರೆಯಬೇಕು; ಇಲ್ಲವೇ ಮಾರುಕಟ್ಟೆ ತನ್ನ ಹಿಡಿತದಲ್ಲಿ ಇಲ್ಲವೆಂದು ತೋರಿಸಿಕೊಡಬೇಕು. ಎಲ್ಲರ ಕೈಯಲ್ಲೂ ಮೊಬೈಲ್ ಇಲ್ಲದ ಕಾಲದಲ್ಲಿ, ವಿಡಿಯೊ ಚಾಟ್ ಎಂದರೆ ಆಟಿಕೆ ಎನ್ನುತ್ತಿದ್ದ ಕಾಲದಲ್ಲಿ ಹಾಕಿದ ಷರತ್ತು ಇದು.

ಎಒಎಲ್ ಬಾಗಿಲು ತೆರೆಯಲಿಲ್ಲ. ಕಾಯಿತು. ಯಾಹೂ, ಎಂಎಸ್‌ಎನ್ ಬೆಳೆದವು. ಈಗ ನಾವೊಬ್ಬರೇ ದೊಡ್ಡವರಲ್ಲ ಎಂದು ಎಒಎಲ್ ಅರ್ಜಿ ಹಾಕಿತು. 2003ರ ಆಗಸ್ಟಿನಲ್ಲಿ ಎಫ್‌ಸಿಸಿ ಷರತ್ತು ತೆಗೆದುಹಾಕಿತು.

ಆರು ತಿಂಗಳು ಕಳೆಯುವಷ್ಟರಲ್ಲಿ, 2004ರ ಫೆಬ್ರುವರಿಯಲ್ಲಿ, ಗೋಡೆಯಲ್ಲಿ ಒಂದೇ ಒಂದು ಕಿಂಡಿ ಬಿತ್ತು. ಆಪಲ್ ಕಂಪನಿ 2002ರಲ್ಲಿ ತನ್ನ ಮ್ಯಾಕ್‌ಗೆ ಐಚಾಟ್ ತಂದಾಗ ಎಒಎಲ್ ಜೊತೆ ಒಪ್ಪಂದ ಮಾಡಿಕೊಂಡು ಏಮ್ ಖಾತೆಗಳಿಗೆ ಜೋಡಿಸಿತ್ತು. 2003ರ ಜೂನ್‌ನಲ್ಲಿ ಐಚಾಟ್ ಎವಿ ಹೆಸರಿನಲ್ಲಿ ವಿಡಿಯೊ ಬಂತು. ಜೊತೆಗೆ 149 ಡಾಲರಿನ ಐಸೈಟ್ ಕ್ಯಾಮೆರಾ. ಆದರೆ ಮ್ಯಾಕ್‌ನಿಂದ ಮ್ಯಾಕ್‌ಗೆ ಮಾತ್ರ. ಫೆಬ್ರುವರಿಯಲ್ಲಿ ಐಚಾಟ್ ಎವಿ 2.1ರ ಪರೀಕ್ಷಾ ಆವೃತ್ತಿ ಮತ್ತು ವಿಂಡೋಸ್‌ನ ಏಮ್ 5.5 ಬಂದ ಮೇಲೆ, ಮ್ಯಾಕ್ ಇದ್ದವರು ವಿಂಡೋಸ್ ಇದ್ದವರ ಮುಖ ನೋಡತೊಡಗಿದರು. ವಿಂಡೋಸ್ ಕಡೆಯವರಿಗೆ ದುಬಾರಿ ಐಸೈಟ್ ಬೇಕಿರಲಿಲ್ಲ, ಸಾದಾ ಯುಎಸ್‌ಬಿ ವೆಬ್‌ಕ್ಯಾಮ್ ಸಾಕಿತ್ತು. ಬ್ರಾಡ್‌ಬ್ಯಾಂಡ್ ಮಾತ್ರ ಬೇಕೇ ಬೇಕು.

ಎಲ್ಲರಿಗೂ ತೆರೆ ಎಂದಾಗ ತೆರೆಯದ ಬಾಗಿಲು ಒಬ್ಬ ಗೆಳೆಯನಿಗೆ ತೆರೆಯಿತು. ಆಪಲ್ ಆಗ ಸಣ್ಣ ಪಾಲಿನವ, ಅವನಿಂದ ಭಯವಿರಲಿಲ್ಲ. ಎಫ್‌ಸಿಸಿ ಇನ್ನೂ ಎರಡು ವರ್ಷ ಗಟ್ಟಿಯಾಗಿ ನಿಂತಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುತ್ತೇನೆ. ಷರತ್ತಿನಿಂದ ವಿಡಿಯೊ ತಡವಾಯಿತೇ ಹೊರತು ಬಾಗಿಲು ತೆರೆಯಲಿಲ್ಲ ಎಂದು ವಾದಿಸಬಹುದು, ಅದರಲ್ಲಿ ಹುರುಳೂ ಇದೆ. ಆದರೆ ಷರತ್ತು ಹೋದ ಮೇಲೆ ಉಳಿದದ್ದು ಕಂಪನಿಗಳ ಮರ್ಜಿ ಒಂದೇ.

ಈಗ ನಮ್ಮ ಕಡೆ ಬರೋಣ. ಬಿಎಸ್‌ಎನ್‌ಎಲ್ ಡೇಟಾಒನ್ ಬ್ರಾಡ್‌ಬ್ಯಾಂಡ್ ಶುರುವಾದದ್ದು 2005ರ ಜನವರಿಯಲ್ಲಿ, ಮೊದಲು ದೊಡ್ಡ ಊರುಗಳಿಗೆ. ತಾಲ್ಲೂಕು ಊರುಗಳಿಗೆ ಅದು ನಿಧಾನವಾಗಿ ಇಳಿದು ಬಂತು. ಅಲ್ಲಿಯವರೆಗೆ ಡಯಲಪ್‌ನ ಕಿರ್ರ್ ಸದ್ದು. ವೆಬ್‌ಕ್ಯಾಮ್ ಇದ್ದದ್ದು ಸೈಬರ್ ಕೆಫೆಗಳಲ್ಲಿ. ಇಲ್ಲೊಂದು ತಮಾಷೆ ಇದೆ: ಕರ್ನಾಟಕ ಸರ್ಕಾರ 2004ರಲ್ಲಿ ಸೈಬರ್ ಕೆಫೆಗಳಿಗೆ ಮಾಡಿದ ನಿಯಮದಲ್ಲಿ, ಗುರುತಿನ ಚೀಟಿ ಇಲ್ಲದೆ ಬಂದ ಗಿರಾಕಿಯ ಫೋಟೊವನ್ನು ಕೆಫೆಯ ವೆಬ್‌ಕ್ಯಾಮ್‌ನಲ್ಲಿ ತೆಗೆದುಕೊಳ್ಳಬಹುದು ಎಂದಿತ್ತು. ಹಾಗಾಗಿ ಮಗನ ಮುಖ ನೋಡಲು ಬಂದವರ ಮುಖವನ್ನೇ ಕ್ಯಾಮೆರಾ ಮೊದಲು ಹಿಡಿಯುವುದಿತ್ತು.

ನಾನು ಪಿಯುಸಿ ಓದುವಾಗ ಒಂದು ಕೆಫೆಯಲ್ಲಿ ಕಂಡದ್ದನ್ನು ಇಲ್ಲಿ ಹೇಳಬೇಕು. ಪ್ಲೈವುಡ್ಡಿನ ಗೂಡು, ಒಂದು ಕುರ್ಚಿ. ಅದರಲ್ಲಿ ಇಳಕಲ್ ಸೀರೆಯ ತಾಯಿ, ಹಿಂದೆ ಧೋತರ ಉಟ್ಟ ಅಪ್ಪ ನಿಂತಿದ್ದಾರೆ. ಮಗ ಪರದೇಶದಲ್ಲಿ. ಅಕ್ಷರದ ಚಾಟ್ ಹೋಗುತ್ತಿತ್ತು, ಬರುತ್ತಿತ್ತು. ಅದನ್ನು ಕೆಫೆಯ ಹುಡುಗ ಓದಿ ಹೇಳುತ್ತಿದ್ದ. ವಿಡಿಯೊ ಒತ್ತಿದರೆ ಬರೀ ಕರಿ ಚೌಕ. ಆ ಕಡೆಯ ಕಂಪ್ಯೂಟರ್ ಬೇರೆ ಜಾತಿಯದು ಎಂದು ಹುಡುಗ ಹೇಳಿದ. "ಕಂಪ್ಯೂಟರದಾಗೂ ಜಾತಿ ಅದಾವೇನೋ ತಮ್ಮಾ?" ಎಂದು ಆ ತಾಯಿ ಕೇಳಿದರು. ಹುಡುಗ ನಕ್ಕ. ಅರ್ಧ ಗಂಟೆಯ ದುಡ್ಡು ಕೊಟ್ಟು ಇಬ್ಬರೂ ಹೋದರು.

ಈ ತೊಂದರೆಗೆ ಪರಿಹಾರ ಹುಡುಕುತ್ತಿದ್ದವರೂ ಇದ್ದರು, ಸಂಬಳವಿಲ್ಲದೆ. ಎಎಂಎಸ್‌ಎನ್ ಎಂಬ ಮುಕ್ತ ಸಾಫ್ಟ್‌ವೇರ್ ತಂಡದವರು ಎಂಎಸ್‌ಎನ್ ಜಾಲಕ್ಕೆ ಹೊಂದುವ ಮೆಸೆಂಜರನ್ನು ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರಕ್ಕೂ ಬರೆದರು. ಎಂಎಸ್‌ಎನ್‌ನ ವೆಬ್‌ಕ್ಯಾಮ್ ಬಳಸುತ್ತಿದ್ದ ಮಿಮಿಕ್ ಎಂಬ ಕೋಡೆಕ್‌ನ ಗುಟ್ಟು ಹೊರಗೆ ಗೊತ್ತಿರಲಿಲ್ಲ. ಸ್ವಯಂಸೇವಕರು ಅದನ್ನು ಬಿಚ್ಚಿ ನೋಡಿ ತಾವೇ ಮತ್ತೆ ಬರೆದರು. ಮೈಕ್ರೋಸಾಫ್ಟ್ ತಾನೇ ಮ್ಯಾಕ್‌ಗೆ ಕೊಟ್ಟಿದ್ದ ಮೆಸೆಂಜರ್‌ನಲ್ಲಿ ಸಾಮಾನ್ಯ ಖಾತೆಯವರಿಗೆ ವರ್ಷಗಟ್ಟಲೆ ವಿಡಿಯೊ ಇಲ್ಲದಿದ್ದಾಗ, ಈ ಹುಡುಗರ ಎಎಂಎಸ್‌ಎನ್‌ನಲ್ಲಿ ಇತ್ತು.

2006ರಲ್ಲಿ ಯಾಹೂ ಮತ್ತು ಮೈಕ್ರೋಸಾಫ್ಟ್ ಕೈ ಕುಲುಕಿದವು. ಒಬ್ಬರಿಂದ ಇನ್ನೊಬ್ಬರಿಗೆ ಸಂದೇಶ ಹೋಗುವಂತಾಯಿತು. ವೆಬ್‌ಕ್ಯಾಮ್ ಮಾತ್ರ ಗಡಿ ದಾಟಲಿಲ್ಲ. ಆ ಸ್ನೇಹವೂ 2012ರ ಡಿಸೆಂಬರಿನಲ್ಲಿ ಮುಗಿಯಿತು.

ಅಷ್ಟರಲ್ಲಿ ಸ್ಕೈಪ್ ಬೇರೆ ದಾರಿ ಹಿಡಿದಿತ್ತು. 2003ರ ಆಗಸ್ಟಿನಲ್ಲಿ ಎಸ್ಟೋನಿಯಾದ ಪ್ರೋಗ್ರಾಮರ್‌ಗಳು ಬರೆದುಕೊಟ್ಟ ಈ ಸಾಫ್ಟ್‌ವೇರ್ ಯಾರ ಜೊತೆಗೂ ಒಪ್ಪಂದಕ್ಕೆ ಹೋಗಲಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲ ಕಡೆ ತಾನೇ ಹೋಗಿ ಕೂತಿತು. ವಿಂಡೋಸ್‌ನಲ್ಲಿ 2006ರ ಆರಂಭಕ್ಕೆ, ಮ್ಯಾಕ್‌ನಲ್ಲಿ ಅದೇ ವರ್ಷ ಮುಗಿಯುವ ಹೊತ್ತಿಗೆ, ಲಿನಕ್ಸ್‌ನಲ್ಲಿ 2008ಕ್ಕೆ ವಿಡಿಯೊ ಬಂತು. ರೂಟರ್, ಫೈರ್‌ವಾಲ್ ದಾಟುವುದರಲ್ಲಿ ಅದರಷ್ಟು ಜಾಣ ಆಗ ಇನ್ನೊಂದಿರಲಿಲ್ಲ. ಜನರಿಗೆ ಬೇಕಾದ್ದು ಸಿಕ್ಕಿತು. ಕಂಪ್ಯೂಟರ್ ಯಾವುದಾದರೂ ಇರಲಿ, ಸಾಫ್ಟ್‌ವೇರ್ ಒಂದೇ ಇರಲಿ ಎಂಬ ರೂಢಿ ಅಲ್ಲಿಂದ ಬಲವಾಯಿತು. ಕಂಪ್ಯೂಟರುಗಳ ನಡುವಿನ ಗೋಡೆ ಬಿತ್ತು, ಆ್ಯಪ್‌ಗಳ ನಡುವಿನ ಗೋಡೆ ಎದ್ದಿತು. 2010ರ ಜೂನ್‌ನಲ್ಲಿ ಫೇಸ್‌ಟೈಮ್ ತೋರಿಸುತ್ತ ಸ್ಟೀವ್ ಜಾಬ್ಸ್, ಇದನ್ನು ಎಲ್ಲರೂ ಬಳಸಬಹುದಾದ ಮುಕ್ತ ಮಾನದಂಡ ಮಾಡುತ್ತೇವೆ ಎಂದಿದ್ದರು. ಅದು ಆಗಲಿಲ್ಲ. ವಿಂಡೋಸ್, ಆಂಡ್ರಾಯ್ಡ್‌ನವರಿಗೆ ಲಿಂಕ್ ಮೂಲಕ ಫೇಸ್‌ಟೈಮ್ ಕರೆಗೆ ಸೇರಲು ಅವಕಾಶ ಸಿಕ್ಕಿದ್ದು 2021ರಲ್ಲಿ.

ಹಳೆಯವೆಲ್ಲ ಒಂದೊಂದಾಗಿ ಮುಚ್ಚಿದವು. ಎಂಎಸ್‌ಎನ್ ಮೆಸೆಂಜರ್ ಬಳಗವನ್ನು 2013ರಲ್ಲಿ ಸ್ಕೈಪ್‌ಗೆ ಸೇರಿಸಿದರು. ಏಮ್ 2017ರ ಡಿಸೆಂಬರ್ 15ಕ್ಕೆ, ಯಾಹೂ ಮೆಸೆಂಜರ್ 2018ರ ಜುಲೈ 17ಕ್ಕೆ, ಐಸಿಕ್ಯು 2024ರ ಜೂನ್‌ನಲ್ಲಿ, ಕೊನೆಗೆ ಸ್ಕೈಪ್ 2025ರ ಮೇ 5ಕ್ಕೆ ಬಾಗಿಲು ಹಾಕಿತು. ಒಂದು ಆ್ಯಪ್ ಮುಚ್ಚಿದಾಗ ಅದರೊಳಗಿನ ಗೆಳೆಯರ ಪಟ್ಟಿಯೂ ಹೋಗುತ್ತದೆ. ಫೋನ್ ಕಂಪನಿ ಬದಲಿಸಿದರೂ ನಂಬರ್ ಉಳಿಯುತ್ತದಲ್ಲ, ಆ ಸೌಲಭ್ಯ ಇಲ್ಲಿಲ್ಲ.

ಹಳ್ಳಿಗೆ ವಿಡಿಯೊ ಕಾಲ್ ನಿಜವಾಗಿ ಬಂದದ್ದು 2016ರಲ್ಲಿ. ಸೆಪ್ಟೆಂಬರಿನಲ್ಲಿ ಜಿಯೊ, ನವೆಂಬರಿನಲ್ಲಿ ವಾಟ್ಸ್‌ಆ್ಯಪ್ ವಿಡಿಯೊ. ಅದೇ ಹೊತ್ತಿಗೆ ಜಿಯೊದಿಂದ ಬೇರೆ ಕಂಪನಿಗೆ ಸಾದಾ ಕರೆಯೇ ಹೋಗುತ್ತಿಲ್ಲ ಎಂಬ ಗಲಾಟೆ ನಿಮಗೆ ನೆನಪಿರಬಹುದು. ಸಂಪರ್ಕಕ್ಕೆ ಬೇಕಾದ ಜಾಗ ಕೊಡಲಿಲ್ಲವೆಂದು ಏರ್‌ಟೆಲ್, ವೊಡಾಫೋನ್, ಐಡಿಯಾ ಮೇಲೆ ಒಟ್ಟು 3,050 ಕೋಟಿ ರೂಪಾಯಿ ದಂಡ ಹಾಕಲು ಟ್ರಾಯ್ ಆ ಅಕ್ಟೋಬರಿನಲ್ಲಿ ಶಿಫಾರಸು ಮಾಡಿತು. ಮಾತಿನ ಕರೆಯಲ್ಲಿ ಒಂದು ಕಂಪನಿ ಇನ್ನೊಂದಕ್ಕೆ ದಾರಿ ಬಿಡಲೇಬೇಕು ಎಂಬ ಕಾನೂನು ನಮ್ಮಲ್ಲಿದೆ. ವಿಡಿಯೊ ಆ್ಯಪ್‌ಗಳಿಗೆ ಅಂಥದ್ದಿಲ್ಲ. 2018ರಲ್ಲಿ ಜಿಯೊಫೋನ್‌ಗೆ ವಾಟ್ಸ್‌ಆ್ಯಪ್ ಬಂದಾಗ ಅಕ್ಷರ, ಫೋಟೊ, ಧ್ವನಿ ಸಂದೇಶ ಇದ್ದವು, ವಿಡಿಯೊ ಕಾಲ್ ಇರಲಿಲ್ಲ. ಮಗನ ಕೈಯಲ್ಲಿ ಸ್ಮಾರ್ಟ್‌ಫೋನ್, ಅವ್ವನ ಕೈಯಲ್ಲಿ ಕೀಪ್ಯಾಡ್ ಜಿಯೊಫೋನ್ ಇದ್ದ ಮನೆಗಳಲ್ಲಿ ಆ ಕರಿ ಚೌಕದ ಕಾಲವೇ ಮುಂದುವರಿಯಿತು.

2001ರ ಎಫ್‌ಸಿಸಿ ಷರತ್ತನ್ನು ಹೋಲುವ ಮಾತನ್ನು ಈಗ ಆಡಿರುವುದು ಯುರೋಪ್ ಒಕ್ಕೂಟ. ಅದರ ಡಿಜಿಟಲ್ ಮಾರುಕಟ್ಟೆ ಕಾಯ್ದೆಯ ಪ್ರಕಾರ, ಬೇರೆ ಆ್ಯಪ್‌ನವರು ಕೇಳಿದರೆ ವಾಟ್ಸ್‌ಆ್ಯಪ್ ತನ್ನ ಬಾಗಿಲು ತೆರೆಯಬೇಕು. ಮೊದಲು ಇಬ್ಬರ ನಡುವಿನ ಸಂದೇಶ, ಆಮೇಲೆ ಗುಂಪು, ಕೊನೆಗೆ ಧ್ವನಿ ಮತ್ತು ವಿಡಿಯೊ ಕರೆ. ಕರೆಗಳಿಗೆ ಕೊಟ್ಟಿರುವ ನಾಲ್ಕು ವರ್ಷದ ಗಡುವು 2027ರ ಸೆಪ್ಟೆಂಬರಿಗೆ ಮುಗಿಯುತ್ತದೆ. ಅದೂ ಯುರೋಪಿನವರಿಗೆ ಮಾತ್ರ.